ಮಂಚಕ್ಕೆ ಕಾಣುವ ದೀಪ

ಜನವರಿ 9, ಬೆಳಿಗ್ಗೆ

ಪೂಜೆ ಮುಗಿಸಿ ಬಂದೆ. ಮೊಣಕೈಗೆ ಮತ್ತೆ ಪೆಟ್ಟು. ಆರತಿ ಎತ್ತಿದರೆ ತಗಡು ತಾಗುತ್ತದೆ, ಬಗ್ಗಿದರೆ ಬೆನ್ನಿಗೆ ಬಾಗಿಲು. ಗರ್ಭಗುಡಿ ಬಾಗಿಲ ಮೇಲಿನ ಅಡ್ಡಗಲ್ಲು ಬಿರುಕು ಬಿಟ್ಟಾಗಿನಿಂದ ದೇವರಿಗೆ ಪ್ರಾಕಾರದ ಮೂಲೆಯ ಈ ಶೆಡ್ಡೇ ಗತಿ. ವಿಗ್ರಹ ಒಳಗೇ ಇದೆ, ಮೈತುಂಬ ಬಟ್ಟೆ ಸುತ್ತಿಕೊಂಡು. ಅದರ ಕಳೆಯನ್ನು ಕಲಶಕ್ಕೆ ಇಳಿಸಿ ಇಲ್ಲಿ ಕೂರಿಸಿದ್ದೇವೆ. ಬಾಲಾಲಯ ಅನ್ನುವುದು ಶಾಸ್ತ್ರದ ಹೆಸರು. ಮನೆಯವಳ ಬಾಯಲ್ಲಿ ಬಾಡಿಗೆ ಮನೆ.

"ಏನಂತಾರೆ ಬಾಡಿಗೆಯವ್ರು?" ಮಂಚದಿಂದಲೇ ಕೇಳಿದಳು.

"ಸೆಖೆ ಅಂತಾರೆ."

"ಒಂದು ಫ್ಯಾನ್ ಹಾಕಿಸ್ಕೊಡಿ ಪಾಪ."

ನಕ್ಕಳು. ನಕ್ಕರೆ ಕೆಮ್ಮು. ಶುರುವಾದರೆ ನಿಲ್ಲುವುದಿಲ್ಲ. ಮಗಳು ಓಡಿಬಂದು ಬೆನ್ನು ಸವರಿದಳು, ನನ್ನನ್ನು ದುರುಗುಟ್ಟಿ ನೋಡಿದಳು. ಅಮ್ಮನನ್ನು ನಗಿಸಬೇಡಿ ಎಂದು ಎಷ್ಟು ಸಲ ಹೇಳಿದ್ದಾಳೆ. ನಾನೆಲ್ಲಿ ನಗಿಸಿದೆ? ಅವಳೇ…

ಜನವರಿ 17

ಡಾಕ್ಟರು ಬಂದಿದ್ದರು. ಇನ್ನು ಆಸ್ಪತ್ರೆಗೆ ಅಲೆಯುವುದು ಬೇಡ, ಮನೆಯಲ್ಲೇ ನೆಮ್ಮದಿಯಾಗಿರಲಿ ಎಂದರು. ಚೆನ್ನಾಗಿ ನೋಡಿಕೊಳ್ಳಿ ಎಂದರು. ನೋಡಿಕೊಳ್ಳದೆ ಇನ್ನೇನು ಮಾಡುತ್ತಿದ್ದೇವೆ? ಸಿಟ್ಟು ಬಂತು. ಆದರೂ ಗೇಟಿನ ತನಕ ಹೋಗಿ ಕೈಮುಗಿದು ಬಂದೆ.

ಸಂಜೆ ಮಂಚವನ್ನು ಮುಂದಿನ ಕೋಣೆಗೆ ಹಾಕಿಸಿಕೊಂಡಳು. ಬಾಗಿಲಿಗೆ ಎದುರಾಗಿ. ಯಾಕೆ ಎಂದು ಕೇಳಬೇಕಿಲ್ಲ. ಬೀದಿಯ ಆ ತುದಿಗೆ ದೇವಸ್ಥಾನ, ಈ ತುದಿಗೆ ನಮ್ಮ ಮನೆ. ದೊಡ್ಡ ಬಾಗಿಲು, ಮಂಟಪದ ಬಾಗಿಲು, ಗರ್ಭಗುಡಿ ಬಾಗಿಲು — ಮೂರೂ ಒಂದೇ ನೇರ. ಒಳಗೆ ಹೋದಂತೆ ಬಾಗಿಲು ಚಿಕ್ಕದಾಗುತ್ತದೆ, ನೆಲ ಏರುತ್ತದೆ. ಹಾಗಾಗಿ ಒಳಗಿನ ದೀಪ ಬೀದಿಯುದ್ದಕ್ಕೂ ಕಾಣುತ್ತದೆ. ಕಟ್ಟಿದವನು ಜಾಣ. ಮದುವೆಯಾಗಿ ಬಂದಾಗಿನಿಂದ ನಮ್ಮದು ಒಂದು ಲೆಕ್ಕ: ನಾನು ಸಂಜೆ ಆರತಿ ಎತ್ತಿದರೆ ಅವಳು ಜಗಲಿಯ ಲೈಟು ಹಾಕುವುದು. ಆರತಿ ಮುಗಿಸಿ ತಿರುಗಿದರೆ ಗರ್ಭಗುಡಿಯಿಂದಲೇ ಕಾಣುತ್ತಿತ್ತು. ಅಡುಗೆ ಆಗಿದೆ, ಬನ್ನಿ ಅಂತ.

ದೇವರು ಶೆಡ್ಡಿಗೆ ಬಂದ ಮೇಲೆ ಅದೂ ಇಲ್ಲ, ಇದೂ ಇಲ್ಲ.

"ಸ್ವಂತ ಮನೆಗೆ ಹೋಗೋದು ಯಾವಾಗ ದೇವ್ರು?"

"ಫೆಬ್ರವರಿ ಇಪ್ಪತ್ತೊಂದಕ್ಕೆ ಮುಹೂರ್ತ."

"ಸರಿ. ಆ ದೀಪ ನೋಡ್ಕೊಂಡೇ ಹೋಗ್ತೀನಿ."

ಮಾತಿಗೆ ಹೇಳಿದ್ದಲ್ಲ. ನನಗೆ ಗೊತ್ತು.

ಜನವರಿ 30

ಶಿಲ್ಪಿಯ ಜೊತೆ ಜಟಾಪಟಿ. ಸ್ವಲ್ಪ ಬೇಗ ಮುಗಿಸಪ್ಪ ಎಂದೆ.

"ಇದ್ರಲ್ಲಿ ಗಾರೆ ಇಲ್ಲ ಸ್ವಾಮಿ. ಕಲ್ಲಿನ ಮೇಲೆ ಕಲ್ಲು, ಭಾರವೇ ಅಂಟು. ಒಂದು ಕಲ್ಲು ಬದಲಾಯಿಸ್ಬೇಕಂದ್ರೆ ಮೇಲಿರೋ ಕಲ್ಲೆಲ್ಲ ಇಳಿಸ್ಬೇಕು, ಮತ್ತೆ ಹತ್ತಿಸ್ಬೇಕು. ಅವಸರ ಮಾಡಿದ್ರೆ ನಿಮ್ ತಲೆ ಮೇಲೇ ಬೀಳುತ್ತೆ."

ನನಗೂ ಗೊತ್ತಿರುವ ವಿಷಯವೇ. ಆದರೂ ಕೂಗಾಡಿದೆ. ಕೊನೆಗೆ ಮನೆಯವಳ ವಿಷಯ ಹೇಳಿಬಿಟ್ಟೆ. ಅವನು ಉಳಿ ಕೆಳಗಿಟ್ಟ.

ಫೆಬ್ರವರಿ 4

ಬೀದಿಯ ಟೈಲರ್ ತೀರಿಕೊಂಡ. ದೊಡ್ಡ ಬಾಗಿಲು ಹಾಕಿಸಿದೆ. ಬೀದಿಯಲ್ಲಿ ಹೆಣ ಇರುವಷ್ಟು ಹೊತ್ತು ಗಂಟೆಯಿಲ್ಲ, ಪೂಜೆಯಿಲ್ಲ. ಅದು ದೇವಸ್ಥಾನದ ಮುಂದೆ ಹಾದು ಹೋದ ಮೇಲೆ ನೀರು ಹಾಕಿ ತೊಳೆದು ಬಾಗಿಲು ತೆಗೆಯುವುದು. ಅಜ್ಜನ ಕಾಲದಿಂದ ಹೀಗೇ. ನಮ್ಮ ಪಂಚೆಯ ಅಂಚು ಹೊಲಿದುಕೊಟ್ಟವನು. ಒಳಗೇ ನಿಂತು ಕೈಮುಗಿದೆ.

ಮನೆಗೆ ಬಂದರೆ ಇವಳ ಮೂತಿ ದಪ್ಪ.

"ಸತ್ತವ್ರನ್ನ ಕಂಡ್ರೆ ನಿಮ್ ದೇವ್ರಿಗೆ ಅಷ್ಟೊಂದು ಭಯಾನಾ?"

"ಪದ್ಧತಿ ಕಣೇ."

"ನಾನ್ ಹೋದಾಗ್ಲೂ ಹಾಕಿಸ್ತೀರಾ?"

"ಬಾಯ್ಮುಚ್ಕೊಂಡು ಗಂಜಿ ಕುಡಿ."

ಕುಡಿಯಲಿಲ್ಲ. ಮಗಳು ಚಮಚದಲ್ಲಿ ಹಾಕಿದ್ದೂ ಹೊರಗೆ ಬಂತು.

ಫೆಬ್ರವರಿ 12

ಅಡ್ಡಗಲ್ಲು ಕೂತಿತು. ಹಳೆಯದರಲ್ಲಿದ್ದ ಬಳ್ಳಿಯನ್ನೇ ಹೊಸದರಲ್ಲೂ ಬಿಡಿಸಿದ್ದಾನೆ ಪುಣ್ಯಾತ್ಮ. ಒಂದು ಎಲೆ ಸೊಟ್ಟಗಿತ್ತು, ಅದೂ ಸೊಟ್ಟಗೇ ಇದೆ.

ಸಂಜೆ ಹೇಳದೆ ಕೇಳದೆ ಮನೆಗೆ ಬಂದ. ಮೈಯೆಲ್ಲ ಕಲ್ಲಿನ ಪುಡಿ. ಮಂಚದ ಪಕ್ಕ ನೆಲಕ್ಕೆ ಕೂತು ಇವಳ ದಿಂಬಿನ ಮಟ್ಟಕ್ಕೆ ತಲೆ ತಂದ, ಒಂದು ಕಣ್ಣು ಮುಚ್ಚಿದ. ಫೋನಿನಲ್ಲಿ ಯಾರಿಗೋ, "ದೀಪ ಇಡೋ ಜಾಗದಲ್ಲಿ ಟಾರ್ಚ್ ಹಿಡಿಯಪ್ಪ. ಇನ್ನೊಂಚೂರು ಕೆಳಗೆ. ಹಾಂ, ಅಲ್ಲೇ."

ಬೀದಿಯ ಕೊನೆಯಲ್ಲಿ, ಮೂರು ಬಾಗಿಲ ಒಳಗೆ, ಒಂದು ಬೆಳಕಿನ ಕಾಳು.

"ಕಾಣುತ್ತಾ ಅಮ್ಮ?"

ಇವಳು ಎರಡೂ ಕೈ ಎತ್ತಿ ಮುಗಿದಳು. ಟಾರ್ಚಿಗೆ ಯಾಕೆ ಕೈಮುಗಿತೀಯೇ ಎಂದು ರೇಗಿಸಿದೆ. "ನಿಮ್ಗೇನ್ ಗೊತ್ತು ಸುಮ್ನಿರಿ" ಎಂದಳು. ನಾನು ಹಿತ್ತಲಿಗೆ ಹೋಗಿ ಅತ್ತೆ.

ಫೆಬ್ರವರಿ 18

ಐದು ದಿನ ಬರೆಯಲಿಲ್ಲ. ಉಸಿರು ಒಂದು ಬಂದರೆ ಇನ್ನೊಂದಕ್ಕೆ ಕಾಯಬೇಕು.

ನಾಳೆ ಕಂಕಣ. ಮಣಿಕಟ್ಟಿಗೆ ಆ ದಾರ ಕಟ್ಟಿದ ಮೇಲೆ ಪ್ರತಿಷ್ಠೆ ಮುಗಿದು ಬಿಚ್ಚುವ ತನಕ ಪ್ರಾಕಾರ ದಾಟುವಂತಿಲ್ಲ. ಮನೆಯಲ್ಲಿ ಏನೇ ಆದರೂ ಮೈಲಿಗೆ ತಾಗುವುದಿಲ್ಲ. ಕಂಕಣ ಕಟ್ಟಿದವನ ಕಿವಿಗೆ ಸಾವಿನ ಸುದ್ದಿ ಹಾಕುವುದೂ ಇಲ್ಲ. ಕೇಳಿದರೆ ಕೈ ನಡುಗುತ್ತದೆ, ನಡುಗುವ ಕೈ ವಿಗ್ರಹ ಮುಟ್ಟಬಾರದು. ಹೀಗಂತ ಅಪ್ಪ ಹೇಳಿಕೊಟ್ಟದ್ದು.

ಕಟ್ಟುವ ಮೊದಲೇ ಇವಳಿಗೆ ಹೆಚ್ಚುಕಮ್ಮಿಯಾದರೆ ನನಗೆ ಸೂತಕ. ಇಲ್ಲಿ ವಿಗ್ರಹ ಮುಟ್ಟುವುದು ನಮ್ಮ ಮನೆತನದ ಕೈ, ಉಳಿದಿರುವವನು ನಾನೊಬ್ಬ. ಎಲ್ಲ ನಿಂತಂತೆ. ಮುಂದಿನ ಮುಹೂರ್ತ ಮಳೆಗಾಲ ಕಳೆದು.

ನಿಲ್ಲಲಿ, ಎಂದೆ. ನಿನ್ನನ್ನು ಬಿಟ್ಟು ಹೋಗುವುದಿಲ್ಲ ಎಂದೆ. ಇವಳಿಗೆ ಎಲ್ಲಿಂದ ಬಂತೋ ಶಕ್ತಿ.

"ರೀ. ನೀವ್ ಇಲ್ಲಿ ಕೂತ್ಕೊಂಡ್ರೆ ಆ ದೀಪ ಯಾರು ಹಚ್ತಾರೆ? ನಾನೇನ್ ನೋಡ್ಲಿ, ನಿಮ್ಮ ಮುಖಾನಾ? ಸಾಕಾಗಿದೆ. ಬೇಗ ಹೋಗಿ ಕಟ್ಟಿಸ್ಕೊಂಡ್ಬಿಡಿ."

ಮಗಳು ಗೋಡೆಗೆ ಮುಖ ಮಾಡಿ ನಿಂತಳು.

ಫೆಬ್ರವರಿ 19, ಮಧ್ಯಾಹ್ನ

ಕಟ್ಟಿದರು. ಪ್ರತಿಷ್ಠೆ ನಡೆಸಲು ಬಂದಿರುವ ಆಚಾರ್ಯರು ದಾರ ಸ್ವಲ್ಪ ಬಿಗಿ ಮಾಡಿದ್ದಾರೆ. ಈ ಪುಸ್ತಕವನ್ನು ಪಂಚೆ ಗಂಟಿನಲ್ಲಿ ತಂದಿದ್ದೇನೆ.

ಹೊರಡುವಾಗ ಹಣೆ ಮುಟ್ಟಿದೆ. ಬಿಸಿಯಿರಲಿಲ್ಲ. "ಲೈಟ್ ಹಾಕ್ತೀನಿ, ನೋಡಿ" ಎಂದಳು. ಎದ್ದು ಕೂರಲಾಗದವಳು.

ಸಂಜೆ

ಹೋಮಕುಂಡ ದೊಡ್ಡ ಬಾಗಿಲಿಗೆ ನೇರ. ನಡುವೆ ತಿರುಗಿ ನೋಡಿದೆ. ಜಗಲಿಯ ಲೈಟು ಹತ್ತಿದೆ! ಮಗಳ ಕೈಯಲ್ಲಿ ಹಾಕಿಸಿರಬೇಕು. ಮಂತ್ರ ತಪ್ಪಿತು. ಆಚಾರ್ಯರು ಕೆಮ್ಮಿದರು.

ಫೆಬ್ರವರಿ 20, ಬೆಳಿಗ್ಗೆ

ದಿನಾ ಮಗಳು ಹಾಲು ತರುವುದು. ಇವತ್ತು ಶಿಲ್ಪಿಯ ಹೆಂಡತಿ ತಂದಳು. ಚೊಂಬು ನಮ್ಮ ಮನೆಯದಲ್ಲ. "ಮಗಳೆಲ್ಲಮ್ಮ?" ಎಂದೆ. "ಕೆಲ್ಸ ಇತ್ತಂತೆ" ಎಂದಳು, ನೆಲ ನೋಡಿಕೊಂಡು.

ಇರಬಹುದು. ಮನೆ ಎಂದ ಮೇಲೆ ಕೆಲಸ ಇರುತ್ತದೆ.

ಹತ್ತು ಗಂಟೆ

ದೊಡ್ಡ ಬಾಗಿಲು ಹಾಕಿದರು.

"ಗಾಳಿ ಜಾಸ್ತಿ," ಎಂದರು ಆಚಾರ್ಯರು. "ಹೋಮದ ಬೂದಿ ಹಾರುತ್ತೆ, ಅದಕ್ಕೇ ಹಾಕಿಸ್ದೆ. ನೀವ್ ಸ್ವಲ್ಪ ಹೊತ್ತು ಕೂತ್ಕೊಳ್ಳಿ."

ಹೋಮದ ಹೊಗೆ ನೆಟ್ಟಗೆ ಮೇಲಕ್ಕೆ ಹೋಗುತ್ತಿದೆ. ಅಂಗಳದಲ್ಲಿ ಒಂದೆಲೆ ಅಲ್ಲಾಡುತ್ತಿಲ್ಲ. ವಾದ್ಯದವರು ಕೈಕಟ್ಟಿ ಕೂತಿದ್ದಾರೆ. ಗಂಟೆಯ ಹಗ್ಗವನ್ನು ಮೇಲಕ್ಕೆ ಕಟ್ಟಿದ್ದಾರೆ.

ಈ ಬಾಗಿಲನ್ನು ಈ ಬೀದಿಯ ಎಷ್ಟು ಮನೆಯವರಿಗಾಗಿ ನಾನೇ ಹಾಕಿಸಿದ್ದೇನೆ.

ಕೇಳಲಿಲ್ಲ. ಕೇಳಿದರೆ ಅವರು ಸುಳ್ಳು ಹೇಳಬೇಕು, ಇಲ್ಲ ನಿಜ ಹೇಳಬೇಕು. ಪಾಪ, ಯಾಕೆ.

ಮಧ್ಯಾಹ್ನ

ಬಾಗಿಲ ಹತ್ತಿರ ಹೋಗಿ ನಿಂತಿದ್ದೆ. ಯಾರೂ ತಡೆಯಲಿಲ್ಲ. ಶಿಲ್ಪಿ ಎದ್ದು ಆ ಕಡೆ ಮುಖ ಮಾಡಿಕೊಂಡ.

ಹೊರಗೆ ತುಂಬ ಜನರ ಹೆಜ್ಜೆ ಸದ್ದು. ಬಾಗಿಲ ಮುಂದೆ ಬಂದಾಗ ನಿಂತಿತು. ಟೈಲರಿಗೆ ನಿಂತಿರಲಿಲ್ಲ. ಒಂದು ಅಳು ಕೇಳಿತು, ತಕ್ಷಣ ಯಾರೋ ಬಾಯಿ ಮುಚ್ಚಿದ ಹಾಗೆ ಅಡಗಿತು. ಆ ದನಿ ನನಗೆ ಗೊತ್ತು. ಅದು ಮಗುವಾಗಿದ್ದಾಗ ಎತ್ತಿಕೊಂಡು ತಿರುಗಾಡಿದ್ದೇನೆ.

ಹಲಗೆಯ ಮೇಲೆ ಅಂಗೈ ಇಟ್ಟೆ. ಬಿಸಿಲಿಗೆ ಮರ ಕಾದಿತ್ತು. ಅಗುಳಿ ಕೈಗೆ ಎಟುಕುವಷ್ಟರಲ್ಲೇ ಇತ್ತು. ತೆಗೆಯಲಿಲ್ಲ. ಆ ದೀಪ ಯಾರು ಹಚ್ಚುತ್ತಾರೆ ಎಂದು ಕೇಳಿದ್ದಾಳಲ್ಲ.

ಹೆಜ್ಜೆಗಳು ಮುಂದೆ ಹೋದವು. ಆಮೇಲೆ ನೀರು ಹಾಕುವ ಸದ್ದು.

ಫೆಬ್ರವರಿ 21, ಬೆಳಿಗ್ಗೆ

ಮುಹೂರ್ತಕ್ಕೆ ಸರಿಯಾಗಿ ಕಲಶವನ್ನು ಒಳಗೆ ತಂದೆ. ವಿಗ್ರಹದ ಬಟ್ಟೆ ಬಿಚ್ಚಿದೆ, ಅಭಿಷೇಕ ಮಾಡಿದೆ. ಕೈ ನಡುಗಲಿಲ್ಲ. ಅದೇ ನನಗೆ ಹೇಸಿಗೆ. ದೀಪ ಹಚ್ಚಿದೆ — ಶಿಲ್ಪಿ ಟಾರ್ಚ್ ಹಿಡಿಸಿದ ಜಾಗದಲ್ಲೇ, ಕೂದಲೆಳೆ ಆಚೀಚೆ ಇಲ್ಲ.

ಜನ ಕೈಮುಗಿದರು. ಯಾರೂ ನನ್ನ ಕಣ್ಣು ನೋಡಲಿಲ್ಲ.

ಸಂಜೆ

ಆರತಿ ಎತ್ತಿದೆ. ತಿರುಗಬಾರದು ಅಂದುಕೊಂಡಿದ್ದೆ. ತಿರುಗಿದೆ. ಮೂರು ಬಾಗಿಲೂ ತೆರೆದಿವೆ, ಬೀದಿ ನೇರ. ಜಗಲಿಯ ಲೈಟು ಇಲ್ಲ. ಒಳಗೆ, ಮಂಚ ಇದ್ದ ಜಾಗದಲ್ಲಿ, ನೆಲದ ಮೇಲೆ ಒಂದು ಹಣತೆ.

ನಾಳೆ ಬೆಳಿಗ್ಗೆ ಕಂಕಣ ಬಿಚ್ಚುತ್ತಾರೆ. ಮಗಳು ಬರುತ್ತಾಳೆ, ಹೇಳುತ್ತಾಳೆ. ಆಗ ಅಳುತ್ತೇನೆ. ಅಲ್ಲಿಯ ತನಕ ನನಗೆ ಯಾರೂ ಏನೂ ಹೇಳಿಲ್ಲ. ಬರೆದರೂ ಹೇಳಿದ ಹಾಗೆಯೇ. ಅದಕ್ಕೇ ಬರೆಯುವುದಿಲ್ಲ.

ಟಾರ್ಚಿಗೆ ಕೈಮುಗಿದಾಗ ರೇಗಿಸಬಾರದಿತ್ತು. ಅವಳು…