ನಾಲ್ಕನೇ ಮಹಡಿಯಲ್ಲಿ ಜಾರಿದ ಪ್ಯಾಂಟ್

ಮನೆ, ಅಡುಗೆಮನೆಯ ಮೇಜು
ಮಾರ್ಚ್ 16, ಭಾನುವಾರ

ಅಪ್ಪಾ,

(ಪ್ರೀತಿಯ ಅನ್ನೋದನ್ನ ಕೊನೆಯಲ್ಲಿ ಹಾಕ್ತೀನಿ, ಅಷ್ಟರೊಳಗೆ ಸಿಟ್ಟು ಇಳಿದರೆ.)

ಹೌದು, ಹೇಳಿದೆ. ನಾಲ್ಕನೇ ಮಹಡಿಯಲ್ಲಿ ನಿನ್ನ ಪ್ಯಾಂಟ್ ಜಾರಿದ್ದನ್ನ ಒಬ್ಬ ಹೊರಗಿನ ಹೆಂಗಸಿಗೆ, ಮೆತ್ತನೆ ಕುರ್ಚಿಯಲ್ಲಿ ಕೂತು, ಚೆಡ್ಡಿಯ ಗೆರೆಯ ಬಣ್ಣದ ಸಮೇತ ಹೇಳಿದೆ. ಆಮೇಲೆ ಇನ್ನೊಂದು ಸಲವೂ ಹೇಳಿದೆ, ಯಾಕಂದ್ರೆ ಅವರೇ "ಮತ್ತೆ ಹೇಳು, ಈ ಸಲ ನಿಧಾನಕ್ಕೆ" ಅಂದರು. ಅಪ್ಪನ ಮಾನ ಹರಾಜು ಹಾಕಿದ ಅಂತ ನೀನು ಬಾಯಿಬಿಟ್ಟು ಅಂದಿಲ್ಲ, ಬರೆದೂ ಇಲ್ಲ. ಆದರೆ ಅಮ್ಮ ನಗ್ತಾ ನಗ್ತಾ ಅತ್ತೆಗೆ ಹೇಳಿ, ಅತ್ತೆ ನಿನಗೆ ಹೇಳಿದ ದಿನದಿಂದ ನೀನು ಫೋನಿಗೆ ಬರ್ತಿಲ್ಲ. ಯಾವಾಗ ಮಾಡಿದರೂ ಅತ್ತೆ "ಸ್ನಾನಕ್ಕೆ ಹೋಗಿದಾನೆ ಕಣೋ" ಅಂತಾಳೆ. ಇಷ್ಟು ಸ್ನಾನ ಮಾಡಿದರೆ ಸೋಪಿಗಿಂತ ಮೊದಲು ನೀನೇ ಕರಗಿ ಹೋಗ್ತೀಯ. ಅದಕ್ಕೇ ಈ ಕಾಗದ. ಬೇಕಾದರೆ ಬಚ್ಚಲಲ್ಲೇ ಕೂತು ಓದು.

ಮೊದಲು ಆರೋಗ್ಯ ಕೇಳೋ ಅಂತ ಅಮ್ಮ ಬೆನ್ನ ಹಿಂದೆ ನಿಂತು ತಿವೀತಿದಾಳೆ. ಕೇಳಿದೆ. ಭುಜ ಹೇಗಿದೆ? ಕೈ ಪೂರ್ತಿ ಮೇಲೆ ಎತ್ತಕ್ಕೆ ಆಗುತ್ತಾ, ಇಲ್ಲ ಬಸ್ಸಿಗೆ ಕೈ ತೋರಿಸೋ ಥರ ಅರ್ಧಕ್ಕೇ ನಿಲ್ಲುತ್ತಾ? ರಾತ್ರಿ ನಿದ್ದೆ ಬರುತ್ತಾ? ಬರಲ್ಲ, ನನಗೆ ಗೊತ್ತು, ನನಗೂ ಬರ್ತಿರಲಿಲ್ಲ. ಅತ್ತೆ ಮನೆ ನೆಲಮಟ್ಟದಲ್ಲಿದೆ, ಒಂದು ಮೆಟ್ಟಿಲೂ ಇಲ್ಲ, ಅದಕ್ಕೇ ನೀನು ಅಲ್ಲಿ ಬೇರು ಬಿಟ್ಟಿರೋದು ಅಂತಾನೂ ಗೊತ್ತು. "ಒಂದು ವಾರ ಇದ್ದು ಬರ್ತೀನಿ" ಅಂತ ಸ್ವೆಟರ್ ಹಾಕ್ಕೊಂಡು ಹೋದವನು, ಈಗ ಇಲ್ಲಿ ಫ್ಯಾನ್ ತಿರುಗಿದರೂ ಬೆವರು ನಿಲ್ಲಲ್ಲ. ಅಮ್ಮ ನಿನ್ನ ಪ್ಯಾಂಟ್‌ಗಳನ್ನೆಲ್ಲ ಒಗೆದು ಇಸ್ತ್ರಿ ಹಾಕಿ ಜೋಡಿಸಿ, ಸಾಲದು ಅಂತ ಬಿಚ್ಚಿ ಮತ್ತೆ ಇಸ್ತ್ರಿ ಹಾಕ್ತಿದಾಳೆ. ಅವಳ ಆರೋಗ್ಯ ಅಷ್ಟು.

ಈಗ ಸುದ್ದಿ. ಹುಚ್ಚರ ಡಾಕ್ಟರ ಹತ್ರ ಮಗ ಹೋಗ್ತಾನೆ ಅಂತ ಅತ್ತೆ ಊದಿರ್ತಾಳೆ. ನನಗೇನು ಅಲ್ಲಿಗೆ ಹೋಗೋ ತೆವಲಾ? ಆ ದಿನ ಬ್ರೇಕ್ ಕೈಕೊಟ್ಟು, ಲಿಫ್ಟ್ ಡಬ್ಬ ತನ್ನ ತಲೆ ಮೇಲೆ ಕೂತು ಕೆಲಸ ಮಾಡ್ತಿದ್ದ ನಮ್ಮಿಬ್ಬರ ಸಮೇತ, ಅದು ಓಡಾಡೋ ಬಾವಿಯೊಳಗೆ ಜಾರಿ, ಹಳಿ ಕಚ್ಚಿ ನಿಂತ ಮೇಲೆ ನನಗೆ ಲಿಫ್ಟ್ ಕಂಡರೆ ಆಗ್ತಿರಲಿಲ್ಲ. ಬಾಗಿಲು ತೆರೆಯೋ ಸದ್ದು ಕೇಳಿದರೆ ಮೆಟ್ಟಿಲ ಕಡೆಗೆ ಓಡ್ತಿದ್ದೆ. ಲಿಫ್ಟ್ ರಿಪೇರಿಯವನಿಗೆ ಲಿಫ್ಟ್ ಅಂದರೆ ಆಗಲ್ಲ ಅಂದರೆ, ಕ್ಷೌರದವನಿಗೆ ಕೂದಲು ಕಂಡರೆ ವಾಂತಿ ಬಂದ ಹಾಗೆ. ನಮ್ಮ ಯಜಮಾನ ಎರಡು ತಿಂಗಳು ಸ್ಪ್ಯಾನರ್ ಒರೆಸೋ ಕೆಲಸ ಕೊಟ್ಟು, ಆಮೇಲೆ "ತಲೆ ಸರಿ ಮಾಡ್ಕೊಂಡು ಬಾ, ಇಲ್ಲ ಬರಬೇಡ" ಅಂದ. ತಲೆ ಸರಿ ಮಾಡೋ ಮೇಡಂ ಎಲ್ಲಿ ಕೂತಿದಾರೆ ಗೊತ್ತಾ? ಏಳನೇ ಮಹಡಿಯಲ್ಲಿ. ನಾವೇ ನೋಡ್ಕೊಳ್ಳೋ ಲಿಫ್ಟು ಇರೋ ಕಟ್ಟಡದಲ್ಲಿ. ನಾನು ಯೂನಿಫಾರ್ಮ್ ಹಾಕ್ಕೊಂಡು, ಬೆನ್ನ ಮೇಲೆ ಕಂಪನಿ ಹೆಸರು ಹೊತ್ತುಕೊಂಡು, ಏದುಸಿರು ಬಿಡ್ತಾ ಏಳೂ ಮಹಡಿ ಮೆಟ್ಟಿಲು ಹತ್ತೋದು. ಕೆಳಗಿನ ವಾಚ್‌ಮನ್ ಪ್ರತಿ ಸಲ ಎದ್ದು ನಿಂತು ಸಲಾಮು ಹೊಡೆದು, "ಏನ್ ಡಾಕ್ಟ್ರೇ, ನಿಮ್ಮ ರೋಗಿ ಲಿಫ್ಟು ಚೆನ್ನಾಗಿದಾನೆ, ತಾವ್ಯಾಕೆ ಸೊರಗಿದೀರಿ?" ಅಂತಾನೆ. ಅವನ ಕುರ್ಚಿಯ ಒಂದು ಕಾಲು ಸಡಿಲ ಇದೆ. ನಾನೇ ಸರಿ ಮಾಡಬಹುದಿತ್ತು. ಮಾಡಲ್ಲ.

ಮೇಡಂ ಮೊದಲ ದಿನವೇ "ನೀನು ಸುರಕ್ಷಿತವಾಗಿದ್ದೆ, ಖುಷಿಯಾಗಿದ್ದೆ ಅನ್ನೋ ಒಂದು ನೆನಪು ಹೇಳು" ಅಂದರು. ನಾನು ಬಿದ್ದಿದ್ದರ ಬಗ್ಗೆ ಬೈಯೋಣ ಅಂತ ಬೈಗುಳ ಎಲ್ಲ ಜೋಡಿಸ್ಕೊಂಡು ಹೋಗಿದ್ದೆ. "ನಾನು ಖುಷಿಯಾಗಿ ಇದ್ದದ್ದೇ ಇಲ್ಲ, ಬೇಕಾದರೆ ಬರ್ಕೊಳ್ಳಿ" ಅಂದೆ. ಅವರು ಬರೆದುಕೊಳ್ಳಲಿಲ್ಲ, ತಣ್ಣಗಾದ ಕಾಫಿ ಕುಡಿದರು. ಅವರು ಯಾವಾಗಲೂ ತಣ್ಣಗಾದ ಮೇಲೇ ಕುಡಿಯೋದು, ನೋಡಿದರೆ ನನಗೆ ಮೈ ಉರಿಯುತ್ತೆ. ಸುಮ್ಮನೆ ಬಿಟ್ಟರೆ ಸಾಕು ಅಂತ ಮುಂದಿನ ವಾರ ನಮ್ಮ ಕ್ಯಾಲೆಂಡರಿನಲ್ಲಿರೋ ಚಿತ್ರ ಹೇಳಿಬಿಟ್ಟೆ: ಕೆರೆ, ದೋಣಿ, ಹಂಸ, ನಾನು ದಡದಲ್ಲಿ ಕೂತಿದೀನಿ, ತುಂಬಾ ಶಾಂತಿ. ಅವರು ಕಣ್ಣು ಮುಚ್ಚಿಸಿ, "ಅಲ್ಲಿ ಏನು ವಾಸನೆ ಬರ್ತಿದೆ?" ಅಂದರು. ನನ್ನ ಬಾಯಿಂದ "ಅಂಟಿನ ವಾಸನೆ" ಅಂತ ಬಂತು. "ಹಂಸ ಏನು ಮಾಡ್ತಿದೆ?" "ಏನೂ ಇಲ್ಲ ಮೇಡಂ, ಜನವರಿಯಿಂದ ಹಾಗೇ ನಿಂತಿದೆ." ಅವರು ಅಷ್ಟು ಹೊತ್ತು ನಗು ತಡ್ಕೊಂಡಿದ್ದು ಈ ಮಾತಿಗೆ ಕಾಫಿ ಮೂಗಿಗೆ ಹತ್ತಿಸ್ಕೊಂಡರು. ಬೆನ್ನು ತಟ್ಟೋಣ ಅಂತ ಎದ್ದೆ, ಆಮೇಲೆ ಡಾಕ್ಟರಿಗೆ ಹೊಡೆದ ಅಂತಾರೆ ಅಂತ ಕೂತೆ.

ಆಗಲೇ ನೋಡು, ಯಾಕೋ ನೀನು ನೆನಪಾದೆ. ನಾನು ಶಾಲೆ ಬಿಟ್ಟು ಬಂದ ಮಾರನೇ ದಿನ. ಲೆಕ್ಕದ ಮೇಷ್ಟ್ರಿಗೆ ಎದುರು ಮಾತಾಡಿ, ಚೀಲ ಅಲ್ಲೇ ಎಸೆದು ಬಂದಿದ್ದೆ. ನೀನು ಬೈಯಲಿಲ್ಲ. "ಕುಕ್ಕರ್, ಸೀಟಿ ಹೊಡೆದಿದ್ದು ಸಾಕು, ಏಳು" ಅಂತ ನೀನಿಟ್ಟ ಅಡ್ಡಹೆಸರು ಹಿಡಿದು ಬೆಳಿಗ್ಗೆ ಎಬ್ಬಿಸಿ ಕೆಲಸಕ್ಕೆ ಕರ್ಕೊಂಡು ಹೋದೆ. ಡಬ್ಬದ ಮೇಲೆ ಹತ್ತಬೇಕು, ಎರಡನೇ ಸುರಕ್ಷಾ ಬೆಲ್ಟ್ ಯಾರೋ ಒಯ್ದುಬಿಟ್ಟಿದ್ದರು. ನೀನು ನಿನ್ನ ಪ್ಯಾಂಟಿನ ಬೆಲ್ಟ್ ಬಿಚ್ಚಿ ನನ್ನನ್ನ ನಿನ್ನ ಸೊಂಟದ ಸುರಕ್ಷಾ ಬೆಲ್ಟಿಗೆ ಕಟ್ಟಿದೆ. ಪ್ಯಾಂಟಾದರೂ ಎಂಥದ್ದು, ಮಗ ಬೆಳೆದ ಮೇಲೆ ಅವನಿಗೂ ಆಗಲಿ ಅಂತ ನಾಲ್ಕು ಅಳತೆ ದೊಡ್ಡದು ತಗೊಂಡಿದ್ದು. ನೀನು "ಮೇಲಿದ್ದೀವೀ" ಅಂತ ಕೂಗಿದೆ, ಕೆಳಗೆ ಸ್ವಿಚ್ಚಿನ ಹತ್ರ ನಿಂತವನಿಂದ "ಮೇಲಿದ್ದೀರೀ" ಅಂತ ವಾಪಸ್ ಬಂತು, ಡಬ್ಬ ಹೊರಟಿತು, ಪ್ಯಾಂಟೂ ಹೊರಟಿತು. ನಾಲ್ಕನೇ ಮಹಡಿಗೆ ಬಂದಾಗ ಹೊರಬಾಗಿಲು ತೆರೆದೇ ಇತ್ತು. ಎದುರಿಗೆ ಪಿಟೀಲು ಟೀಚರು, ಅವರ ಹಿಂದೆ ಪಿಟೀಲು ಹಿಡಿದ ಮಕ್ಕಳ ಸಾಲು. ನಿನ್ನ ಒಂದು ಕೈಯಲ್ಲಿ ಕಬ್ಬಿಣದ ಹಗ್ಗ, ಇನ್ನೊಂದರಲ್ಲಿ ನನ್ನ ಕಾಲರ್. ಪ್ಯಾಂಟ್ ಪಾದದ ಮೇಲೆ. ನೀಲಿ ಗೆರೆ ಚೆಡ್ಡಿ. ಒಂದು ಕೈ ಬಿಟ್ಟಿದ್ದರೆ ಪ್ಯಾಂಟ್ ಏರಿಸಬಹುದಿತ್ತು. ನೀನು ಬಿಡಲಿಲ್ಲ. ನಿಂತ ನಿಲುವಲ್ಲೇ ತಲೆ ಬಗ್ಗಿಸಿ, "ನಮಸ್ಕಾರ ಮೇಡಂ, ಈಗ ಸರಿಹೋಗುತ್ತೆ" ಅಂದೆ. ಮೇಲಕ್ಕೆ ಹೋದ ಮೇಲೆ ಆ ಕತ್ತಲಲ್ಲಿ ಇಬ್ಬರೂ ನಕ್ಕಿದ್ದು ಬಾವಿ ತುಂಬಾ ಸುತ್ತಿ ಸುತ್ತಿ ಮತ್ತೆ ನಮ್ಮ ತಲೆ ಮೇಲೇ ಬೀಳ್ತಿತ್ತು. ಗ್ರೀಸಿನ ವಾಸನೆ. ನಿನ್ನ ಬೆವರಿನ ವಾಸನೆ. ಈ ವಾಸನೆ ಹೇಳಕ್ಕೆ ನಾನು ಯೋಚನೆ ಮಾಡಬೇಕಾಗಲಿಲ್ಲ.

ಹೇಳಿ ಮುಗಿಸಿದಾಗ ಮೇಡಂ ನಗ್ತಿರಲಿಲ್ಲ. "ನೀನು ಬಿದ್ದಿದ್ದೂ ಅಂಥದೇ ಬಾವಿಯಲ್ಲಿ ಅಲ್ವಾ?" ಅಂದರು. ನನಗೆ ಅಲ್ಲಿವರೆಗೆ ಹೊಳೆದೇ ಇರಲಿಲ್ಲ ಅಪ್ಪಾ. ಬಿದ್ದ ನೆನಪು ಸುಳ್ಳಲ್ಲ, ಅದನ್ನ ಓಡಿಸಕ್ಕೂ ಆಗಲ್ಲ, ಆದರೆ ಆ ಬಾವಿಯಲ್ಲಿ ಅದೊಂದೇ ಬಾಡಿಗೆಗೆ ಇಲ್ಲ, ಹಳೇ ಬಾಡಿಗೆದಾರನೂ ಇದಾನೆ, ಅವನಿಗೂ ಬಾಗಿಲು ತೆಗಿ ಅಂದರು. ಆಮೇಲೆ ಅದನ್ನೇ ಅಭ್ಯಾಸ ಮಾಡಿಸಿದರು. ಪ್ಯಾಂಟಿನಿಂದ ಶುರು, ವಾಸನೆ, ಸದ್ದು, ಕುತ್ತಿಗೆಗೆ ಒತ್ತಿದ ಕಾಲರ್. ಮೈ ಸಡಿಲ ಆದ ಮೇಲೆ ಬಿದ್ದಿದ್ದರ ಒಂದು ಚೂರು. ಎದೆ ಹೊಡ್ಕೊಂಡರೆ ವಾಪಸ್ ಪ್ಯಾಂಟಿಗೆ. ಕೇಳಕ್ಕೆ ತಮಾಷೆ, ಮಾಡೋವಾಗ ಬೆನ್ನು ಒದ್ದೆಯಾಗುತ್ತೆ. ಹೋದ ಗುರುವಾರ ಅವರ ಜೊತೆ ಕೆಳಗಿಳಿಯಕ್ಕೆ ಲಿಫ್ಟಿನೊಳಗೆ ಹೋದೆ. ಕಣ್ಣು ಮುಚ್ಚಿ ಜೋರಾಗಿ "ನೀಲಿ ಗೆರೆ, ನೀಲಿ ಗೆರೆ" ಅಂತಿದ್ದೆ, ಐದರಲ್ಲಿ ಬಾಗಿಲು ತೆರೆದು ಒಬ್ಬ ವಯಸ್ಸಾದವರು ಹತ್ತಿದರು, ನನ್ನ ಮುಖ ನೋಡಿದರು, ತಮ್ಮ ಪ್ಯಾಂಟ್ ನೋಡ್ಕೊಂಡರು, ನಾಲ್ಕರಲ್ಲಿ ಇಳಿದರು. ಮೂರಕ್ಕೆ ಬರುವಷ್ಟರಲ್ಲಿ ನಾನು ನೆಲಕ್ಕೆ ಕೂತೆ. ಮೇಡಮ್ಮೂ ಒಳ್ಳೆ ಸೀರೆ ಉಟ್ಟವರು ನೆಲಕ್ಕೇ ಕೂತರು. ಕೂತೇ ಇಳಿದ್ವಿ. ವಾಚ್‌ಮನ್ ಬಾಗಿಲಲ್ಲಿ ಬಾಯಿ ತೆರ್ಕೊಂಡು ನಿಂತಿದ್ದ, ಸಲಾಮು ಹೊಡೆಯೋದನ್ನೂ ಮರೆತಿದ್ದ.

ಇದಕ್ಕೆ ನೀನು ಮುನಿಸ್ಕೊಂಡಿದೀಯ! ನಿನ್ನ ಚೆಡ್ಡಿ ನನ್ನನ್ನ ಏಳನೇ ಮಹಡಿಯಿಂದ ಇಳಿಸಿದೆ, ನಿನಗೆ ಮಾನದ ಚಿಂತೆ. ನಿನ್ನ ನಿಜವಾದ ಕೊರಗು ಪ್ಯಾಂಟಿನದಲ್ಲ ಅಂತ ನನಗೆ ಗೊತ್ತಿಲ್ವಾ? ಆಸ್ಪತ್ರೆಯಲ್ಲಿ ಮಂಪರಿನಲ್ಲೂ "ನಾನು ಸರಿಯಾಗಿ ಕೂಗಿದ್ನಾ, ಜೋರಾಗಿ ಕೂಗಿದ್ನಾ" ಅಂತಿದ್ದೆ. ಕೂಗಿದ್ದೆ. ನಾನು ಪಕ್ಕದಲ್ಲೇ ಇದ್ದೆ, ಕಿವಿ ಗುಂಯ್ ಅಂತು. ಕೆಳಗಿನಿಂದ ವಾಪಸ್ ಬಂದಿದ್ದೂ ಕೇಳಿದೆ. ಬ್ರೇಕಿಗೆ ಕಿವಿ ಇಲ್ಲ ಅಪ್ಪಾ, ಅದಕ್ಕೆ ನೀನೇನು ಮಾಡ್ತೀಯ? ಡಬ್ಬ ಜಾರಿದಾಗಲೂ ನೀನು ನನ್ನ ಕಾಲರ್ ಬಿಡಲಿಲ್ಲ, ಅದಕ್ಕೇ ನಿನ್ನ ಭುಜ ಕಳಚಿದ್ದು. ಪ್ಯಾಂಟ್ ಜಾರಿದ ದಿನದ ಬಾವಿಯಲ್ಲೂ ಅದೇ ಕೈ ಇತ್ತು. ಅದನ್ನ ಬಿಟ್ಟು ಉಳಿದಿದ್ದನ್ನೆಲ್ಲ ನೆನಪಿಟ್ಕೊಂಡು ಅತ್ತೆ ಮನೆ ಹಜಾರದಲ್ಲಿ ಗೋಡೆ ನೋಡ್ತಾ ಕೂತಿರೋ ನಿನಗೆ ಏನು ಹೇಳಲಿ? ಹೋಗು, ಸ್ನಾನ ಮಾಡು.

ಅಮ್ಮ ಊಟ ಸರಿಯಾಗಿ ಮಾಡು ಅಂತ ಹೇಳಕ್ಕೆ ಹೇಳಿದಾಳೆ. ಅತ್ತೆಗೆ ನನ್ನ ನಮಸ್ಕಾರ, ಬಾಯಿಗೆ ಒಂದು ಬೀಗ.

ಪ್ರೀತಿಯ (ಹಾಕಿದೀನಿ ನೋಡು)
ಕುಕ್ಕರ್

ಮರೆತಿದ್ದೆ: ನಾಳೆಯಲ್ಲ, ಅದರ ಮುಂದಿನ ಸೋಮವಾರ ಡಬ್ಬದ ಮೇಲೆ ಹತ್ತಬೇಕು, ಇಲ್ಲ ಕೆಲಸ ಬಿಡಬೇಕು ಅಂತ ಯಜಮಾನ ಹೇಳಿದಾನೆ. ಹತ್ತುತ್ತೀನಿ. ಆದರೆ ಕೆಳಗಿನಿಂದ ಬೇರೆಯವನು ಕೂಗಿದರೆ ನನಗೆ ನಂಬಿಕೆ ಬರಲ್ಲ. ನೀನು ಲಿಫ್ಟೂ ಹತ್ತಬೇಡ, ಮೆಟ್ಟಿಲೂ ಹತ್ತಬೇಡ, ನೆಲದಲ್ಲಿ ಬಾವಿ ಬಾಯಲ್ಲಿ ನಿಂತು ಕೂಗು, ಅಷ್ಟೇ. ವಾಪಸ್ ಕೂಗು ಬರೋವರೆಗೆ ಏನನ್ನೂ ಕದಲಿಸಬಾರದು ಅಂತ ಕಲಿಸಿದವನು ನೀನೇ. ಈಗ ಅಂಚೆ ಪೆಟ್ಟಿಗೆಗೆ ಹಾಕಕ್ಕೆ ಹೊರಟಿದೀನಿ. ಬಾಗಿಲು ದಢಾರ್ ಅಂತ ಹಾಕಬೇಡ್ವೋ ಅಂತ ಅಮ್ಮ ಅಂತಿದಾಳೆ. ಹಾಕೇ ಹಾಕ್ತೀನಿ, ನಿನಗೆ ಅಲ್ಲಿಗೂ ಕೇಳಿಸೋ ಹಾಗೆ. ಮೇಲಿದ್ದೀನೀ, ಅಪ್ಪಾ.