ಪ್ರಾರ್ಥನೆಯಲ್ಲಿ ಬಿಟ್ಟ ಹೆಸರು

ಪುಣೆ, ಗುರುವಾರ, ೧೪ ನವೆಂಬರ್ ೧೯೧೮

ಯುದ್ಧ ಮುಗಿಯಿತೆಂದು ಖಡಕಿಯ ನಮ್ಮ ಮದ್ದುಗುಂಡಿನ ಕಾರ್ಖಾನೆಯಲ್ಲಿ ಇವತ್ತೂ ಪೇಡೆ ಹಂಚಿದರು. ನನ್ನ ಪಾಲಿನದನ್ನು ಮಗಳು ಎಸ್ತೇರಳಿಗೆ ತಂದುಕೊಟ್ಟೆ. ಅವಳು ಮುಟ್ಟಲಿಲ್ಲ.

ಇನ್‌ಫ್ಲುಯೆಂಜಾದಲ್ಲಿ ನಮ್ಮ ಮಗ ಜ್ಞಾನಮಿತ್ರ ತೀರಿಹೋಗಿ ಐದು ವಾರವಾಯಿತು. ಅಂದಿನಿಂದ ಹೆಂಡತಿ ರಾಹೇಲ ಸಂಜೆಯ ಪ್ರಾರ್ಥನೆಗೆ ಬಂದರೂ ಗೋಡೆಗೊರಗಿ ಸುಮ್ಮನೆ ಕೂಡುತ್ತಾಳೆ. ಮನೆಯವರ ಹೆಸರನ್ನು ಒಂದೊಂದಾಗಿ ಹೇಳಿ ಆಶೀರ್ವಾದ ಬೇಡುವುದು ನಮ್ಮೂರು ಬೆಟಗೇರಿಯಲ್ಲಿ ಅಪ್ಪ ಹಾಕಿಕೊಟ್ಟ ರೂಢಿ. ಅವಳಿಗೆ ನೋವಾಗಬಾರದೆಂದು ಮಗನ ಹೆಸರನ್ನು ಬಿಟ್ಟೇ ಹೇಳುತ್ತಿದ್ದೆ. ಇಂದು ಅವಳು ತಡೆದಳು.

"ಅವನ ಹೆಸರು ಯಾಕ ಬಿಡ್ತೀರಿ? ದೇವರ ಹತ್ರ ಅದಾನಂತ ನೀವ ಹೇಳ್ತೀರಿ. ಮತ್ತ ದೇವರ ಮುಂದ ಅವನ ಹೆಸರು ಹೇಳಾಕ ಅಂಜಿಕಿ ಯಾಕ್ರಿ?"

ಹೇಳಲು ಹೋಗಿ ಮತ್ತೆ ಎಸ್ತೇರಳ ಹೆಸರನ್ನೇ ಹೇಳಿದೆ. ಕೊನೆಗೆ ಅವಳೇ ಹೆಸರು ಹೇಳಿದಳು; ಎಸ್ತೇರಳ ಕೈ ಹಿಡಿದು ಪ್ರಾರ್ಥನೆಯನ್ನೂ ಮುಗಿಸಿದಳು. ದೇವರಿಂದ ದೂರವಾದವಳು ಅವಳೆಂದು ತಿಳಿದು ಇಷ್ಟು ದಿನ ಮನೆಯ ನಂಬಿಕೆಯನ್ನು ನಾನೊಬ್ಬನೇ ಹೊತ್ತಿದ್ದೇನೆ ಅಂದುಕೊಂಡಿದ್ದೆ.

ಭಾಳ ದಣಿವಾಗಿದೆ. ನಾಳೆಯೂ ನನ್ನಿಂದಾಗದಿದ್ದರೆ ಅವಳೇ ಹೇಳಲಿ, ನಾನು ಪಕ್ಕದಲ್ಲಿ ಕೂತು ಆಮೆನ್ ಅನ್ನುತ್ತೇನೆ.