ಮೋರಿಯ ಹತ್ತಿರ ಆರುವ ಲೈಟು

೨೬-೧೦-೨೦೦೬, ಗುರುವಾರ

ಹಾಲು ಕರೆದೆ. ದೇವರಿಗೆ ದೀಪ ಹಚ್ಚಿದೆ. ಮುದ್ದೆ ಮಾಡಿಟ್ಟು ಕೊಟ್ಟಿಗೆ ಹತ್ತಿರವೇ ನಿಂತಿದ್ದೆ. ಮಗಳು ನವ್ಯ ಬಂದದ್ದು ಎಂಟೂಕಾಲಿಗೆ. ಮೊಣಕೈ ತರಚಿತ್ತು. ಕತ್ತಲಲ್ಲಿ ಸೈಕಲ್ಲು ಚರಂಡಿಗೆ ಇಳಿದಿದೆ. ಆಲೂರಿನ ಮೆಡಿಕಲ್ ಶಾಪಿನಿಂದ ಅವಳನ್ನು ಬಿಡುವುದೇ ಏಳಕ್ಕೆ. ಹೊಸಕೋಟೆಯಲ್ಲಿ ಬಸ್ಸಿಳಿದರೆ ಅಲ್ಲಿಂದ ಮೂರು ಕಿಲೋಮೀಟರು ಸೈಕಲ್ಲು.

ಇವರು ಊಟಕ್ಕೆ ಕೂತು ಅಂದರು, “ಎಸ್ಟೇಟಿಗೆ ಆನೆ ಬಂದವೆ. ಲೈಟಿಲ್ದೆ ಓಡಾಡೋದಾದ್ರೆ ಸೋಮವಾರದಿಂದ ಮನೇಲಿರ್ಲಿ.”

ಮನೆಯಲ್ಲಿ ಕೂತರೆ ಮಾರನೆಯ ದಿನವೇ ನಾದಿನಿ ಭದ್ರಮ್ಮ ಬರುತ್ತಾಳೆ, ಮಗ ಪ್ರತಾಪನಿಗೆ ಹೆಣ್ಣು ಕೇಳಲು. ಸೋದರತ್ತೆ ಮಗ, ಹಕ್ಕಿನವನು ಅನ್ನುತ್ತಾರೆ. ಕುಡಿಯುತ್ತಾನೆ. ನವ್ಯಳಿಗೆ ಬೇಡ. ನನಗೂ ಬೇಡ. ಕೆಲಸ ಇರುವ ತನಕ ಆ ಮಾತು ಹೊಸ್ತಿಲಾಚೆ ಇರುತ್ತದೆ.

ಒಂದು ಲೈಟು ಆಗಬೇಕು.

೨೮-೧೦, ಶನಿವಾರ

ಹೊಸಕೋಟೆಗೆ ಹೋಗಿದ್ದೆ. ಸೈಕಲ್ ಶಾಪಿನ ನಂಜುಂಡಯ್ಯ ಮೂರು ಥರ ತೋರಿಸಿದ. ಡೈನಮೋಗೆ ಸೆಲ್ಲಿನ ಖರ್ಚಿಲ್ಲ. ಆದರೆ ಚಕ್ರ ನಿಂತರೆ ಬೆಳಕೂ ಹೋಗುತ್ತದೆ.

“ನಿಂತಾಗ್ಲೇ ಅಲ್ವೇನಪ್ಪ ಬೆಳಕು ಬೇಕಾಗೋದು? ಆನೆ ಎದುರಿಗೆ ಬಂದ್ರೆ?” ಅಂದೆ.

“ಆನೆ ಬಂದ್ರೆ ಲೈಟ್ ಹಿಡ್ಕಂಡು ಮಂಗಳಾರತಿ ಎತ್ತಾಳೇನಕ್ಕ? ಸೈಕಲ್ ಬಿಸಾಕಿ ಓಡೋದೆಯ.”

ಚೈನಾ ಲೈಟು ಹಗಲಿನ ಹಾಗೆ ಉರಿಯುತ್ತದೆ. ಚಾರ್ಜ್ ಮಾಡಬೇಕಂತೆ... ನಮ್ಮಲ್ಲಿ ಕರೆಂಟು ಇದ್ದರೆ ತಾನೆ. ಕೆಟ್ಟರೆ ರಿಪೇರಿಯೂ ಇಲ್ಲ. ಕೊನೆಗೆ ಸೆಲ್ಲಿನದೇ ತಂದೆ. ಹ್ಯಾಂಡಲಿಗೆ ಸಿಕ್ಕಿಸಬಹುದು, ಬೇಕಾದಾಗ ಬಿಚ್ಚಿ ಕೈಯಲ್ಲೂ ಹಿಡಿಯಬಹುದು.

ಕಾರ್ತೀಕದ ಎಣ್ಣೆಗೆ ಎತ್ತಿಟ್ಟದ್ದು ಇದಕ್ಕೆ ಹೋಯಿತು. ಈ ವರ್ಷ ಈಶ್ವರನ ಗುಡಿಗೆ ನಮ್ಮ ಮನೆಯ ಎಣ್ಣೆ ಇಲ್ಲ. ಅವನಿಗೆ ಮೂರು ಕಣ್ಣಿವೆ, ಹೇಗೋ ಆಗುತ್ತದೆ. ತಪ್ಪಾಯಿತು ಅಂತ ಕೆನ್ನೆಗೆ ಬಡಿದುಕೊಂಡೆ.

೩೧-೧೦, ಮಂಗಳವಾರ

ಕೊಟ್ಟಿಗೆ ಹತ್ತಿರ ನಿಂತರೆ ಗದ್ದೆಯಾಚೆ ರಸ್ತೆ ಕಾಣುತ್ತದೆ. ಇಷ್ಟು ದಿನ ಬರೀ ಕತ್ತಲನ್ನು ನೋಡುತ್ತಿದ್ದೆ. ಈಗ ಒಂದು ಚುಕ್ಕಿ ಏರಿ ಬರುತ್ತದೆ. ಅದು ನನ್ನ ಮಗಳು. ಕೈಮುಗಿದೆ.

ಮೋರಿಯ ಹತ್ತಿರ ಆರಿಹೋಯಿತು. ಆಮೇಲೆ ಹಲಸಿನ ಮರದ ಈಚೆ ಮತ್ತೆ ಹತ್ತಿಕೊಂಡಿತು. ಸೆಲ್ಲು ಅಲ್ಲಾಡುತ್ತದೋ ಏನೋ.

೪-೧೧, ಶನಿವಾರ

ದಿನಾ ಹಾಗೆಯೇ. ಅದೇ ಮೋರಿ, ಅದೇ ಮರ. ಇವತ್ತು ಶಾಪಿನಲ್ಲಿ ಕೇಳಿದೆ. ನಂಜುಂಡಯ್ಯ ಹೇಳಿದ, “ಬೆಳಗ್ಗೆ ನವ್ಯ ಸೈಕಲ್ ಬಿಟ್ಟೋದಾಗ ನಾನೇ ಬಿಚ್ಚಿ ನೋಡಿದೀನಿ. ಲೈಟ್ ಸರಿಯಾಗೇ ಐತೆ ಕಣಕ್ಕ. ಮಗಳನ್ನೇ ಕೇಳು.”

ಮುಖ ನೋಡದೆ ಹೇಳಿದ.

೬-೧೧, ಕಾರ್ತೀಕ ಸೋಮವಾರ

ಉಪವಾಸ. ಇವರು ಗುಡಿಗೆ ಹೋಗಿದ್ದಾಗ ಕೇಳಿದೆ.

“ನಾನೇ ಆರಿಸ್ತೀನಿ ಕಣವ್ವ.”

“ಯಾಕೆ?”

“ಮೋರಿ ಕಟ್ಟೆ ಮೇಲೆ ಕುಡ್ಕಂಡು ಕೂತಿರ್ತಾರೆ. ಲೈಟಿಲ್ದಾಗ ಯಾರೋ ಏನೋ ಅಂತ ಸುಮ್ನಿರೋರು. ಈಗ ದೂರದಿಂದ್ಲೇ ಗೊತ್ತಾಗ್ಬುಡುತ್ತೆ. ‘ಬಂತು ನೋಡ್ರೋ ಮಾತ್ರೆ ಅಂಗ್ಡಿ, ತಲೆನೋವಿಗೇನಾರ ಕೊಡವ್ವೋ’ ಅಂತ ರಸ್ತೆಗೆ ಅಡ್ಡ ನಿಂತ್ಕತಾರೆ. ಒಂದಿನ ಹ್ಯಾಂಡಲ್ಲೇ ಹಿಡಿದ.”

“ಯಾರು?”

ತಟ್ಟೆ ಬಳಿದಳು, ತೊಳೆದಳು. ಕೈ ಒರೆಸಿಕೊಂಡು ಅಂದಳು, “ಪ್ರತಾಪ. ಮದ್ವೆಯಾಗೋಳು ತಾನೆ, ಯಾಕಿಷ್ಟು ಬಿಂಕ ಅಂತಾನೆ.”

ಅವಳು ಕಾಣಲಿ ಅಂತ ಅಲ್ಲ, ಅವಳಿಗೆ ದಾರಿ ಕಾಣಲಿ ಅಂತ ತಂದಿದ್ದು. ಬೆಳಕಿಗೆ ಆ ಭೇದ ಎಲ್ಲಿ ಗೊತ್ತು.

ಇವರಿಗೆ ಹೇಳಿದರೆ ನಾಳೆಯಿಂದಲೇ ಕೆಲಸ ಬಿಡಿಸುತ್ತಾರೆ. ಹೇಳಲಿಲ್ಲ. ಹೇಳದೆ ಇದ್ದದ್ದಕ್ಕೆ ನಿದ್ದೆಯೂ ಇಲ್ಲ.

೯-೧೧, ಗುರುವಾರ

ನಿನ್ನೆ ಆನೆ ಮೋರಿ ಪಕ್ಕದಲ್ಲೇ ದಾಟಿದೆಯಂತೆ. ಲದ್ದಿ ಬಿದ್ದಿದೆ. ನಂಜುಂಡಯ್ಯನಿಗೆ ಡೈರಿ ಹುಡುಗನ ಕೈಲಿ ಹೇಳಿಕಳಿಸಿದೆ, ನವ್ಯ ಸೈಕಲ್ಲು ತಗೊಳ್ಳಲು ಬಂದಾಗ ಲೈಟು ಆರಿಸಬೇಡ ಅನ್ನು ಅಂತ. ರಾತ್ರಿ ನೋಡಿದೆ. ಆರಿತು.

“ಹೇಳಿಕಳ್ಸಿರ್ಲಿಲ್ವೇನೆ?”

“ಆನೆ ಆದ್ರೆ ಅದರ ಪಾಡಿಗೆ ಹೋಗುತ್ತೆ ಕಣವ್ವ.”

೧೪-೧೧, ಮಂಗಳವಾರ

ನಾಲ್ಕು ದಿನ ಬರೆಯಲಾಗಲಿಲ್ಲ.

ಶುಕ್ರವಾರ ಲೈಟು ಮೋರಿಯ ಹತ್ತಿರ ಆರಿತು. ಹಲಸಿನ ಮರದ ಈಚೆ ಹತ್ತಲಿಲ್ಲ. ಕಾದೆ. ಹತ್ತಲಿಲ್ಲ. ಓಡಿದೆ. ಆನೆ ಮುರಿದು ಹಾಕಿದ ಬಿದಿರು ರಸ್ತೆಗೆ ಅಡ್ಡ ಬಿದ್ದಿತ್ತು. ಕತ್ತಲಲ್ಲಿ ಅದಕ್ಕೇ ಹೋಗಿ ಗುದ್ದಿದ್ದಾಳೆ. ಬಲಗೈ ಮುರಿದಿದೆ. ಹಾಸನಕ್ಕೆ ಕರೆದುಕೊಂಡು ಹೋಗಿ ಪಟ್ಟಿ ಹಾಕಿಸಿದೆವು.

ಮೋರಿಯ ಮೇಲಿದ್ದವರು ಬಿದ್ದ ಸದ್ದು ಕೇಳಿ ಎದ್ದು ಹೋದರಂತೆ. ಎತ್ತಲಿಲ್ಲ.

ಇವರು ಕೇಳಿದರು, “ಲೈಟ್ ಇದ್ದೂ ಹೆಂಗ್ ಬಿದ್ಲು?”

ಎಲ್ಲ ಹೇಳಿದೆ. ಪ್ರತಾಪನ ಹೆಸರನ್ನೂ. ಬೀಡಿ ಪೂರ್ತಿ ಸೇದಿ ಮುಗಿಸಿದರು. ಈಗ ಬೈಯುತ್ತಾರೆ, ಈಗ ಎದ್ದು ತಂಗಿಯ ಮನೆಗೆ ಹೋಗುತ್ತಾರೆ ಅಂದುಕೊಂಡೆ.

“ಅವನೇ ತಾನೆ. ಹೊರಗಿನೋನಲ್ವಲ್ಲ” ಅಂದರು. “ಭದ್ರಂಗೆ ಬರಹೇಳ್ತೀನಿ. ಕೈ ವಾಸಿಯಾಗೋದ್ರೊಳಗೆ ಮಾತು ಮುಗಿಸ್ಬುಡಾನ.”

ಇಪ್ಪತ್ತೆಂಟು ವರ್ಷ ಈ ಮನುಷ್ಯನಿಗೆ ಬಡಿಸಿದ್ದೇನೆ.

೧೭-೧೧, ಶುಕ್ರವಾರ

ಆಲೂರಿಗೆ ಹೋಗಿದ್ದೆ, ಮಾತ್ರೆ ತರುತ್ತೇನೆ ಅಂತ ಹೇಳಿ. ಮೆಡಿಕಲ್ ಶಾಪಿನವರ ಹೆಂಡತಿ ಸುಲೋಚನಮ್ಮನ ಎದುರಿಗೆ ಕೂತು ಎಲ್ಲ ಹೇಳಿದೆ. ಅವರು ಕಾಫಿ ಕೊಟ್ಟು ಅಂದರು, “ನಮ್ಮನೆ ಹಿಂದ್ಗಡೆ ರೂಮಿದೆ. ಕಳ್ಸಿ. ಎಡಗೈಲಿ ಮಾತ್ರೆ ಕೊಡೋಕಾಗಲ್ವೇನ್ರೀ?” ಬಂದು ಹೇಳಿದಾಗ ನವ್ಯ ಅತ್ತಳು. ಬಿದ್ದಾಗಲೂ ಅತ್ತಿರಲಿಲ್ಲ.

೧೮-೧೧, ಶನಿವಾರ, ರಾತ್ರಿ

ನಾಳೆ ಹತ್ತಕ್ಕೆ ಭದ್ರಮ್ಮ, ಪ್ರತಾಪ ಬರುತ್ತಾರೆ. ಇವರು ಎಲೆ ಅಡಿಕೆ ತಂದಿಟ್ಟು ಮಲಗಿದ್ದಾರೆ.

ಅವಳ ಬಟ್ಟೆ ಚೀಲಕ್ಕೆ ತುಂಬಿದ್ದೇನೆ. ಮೊದಲನೇ ಬಸ್ಸಿಗೆ. ಹೊರಡುವಾಗ ಇನ್ನೂ ಕತ್ತಲು. ಸೈಕಲ್ಲು ತುಳಿಯುವ ಹಾಗಿಲ್ಲ, ನಡೆಯಬೇಕು. ಲೈಟು ಬಿಚ್ಚಿಟ್ಟಿದ್ದೇನೆ, ಹೊಸ ಸೆಲ್ಲು ಹಾಕಿದ್ದೇನೆ. ಕೈಯಲ್ಲಿ ಹಿಡಿದು ನಾನು ಮುಂದೆ. ಮೋರಿಯ ಹತ್ತಿರವೂ ಆರಿಸುವುದಿಲ್ಲ.

ಈಶ್ವರಾ, ನಿನಗೆ ಎಣ್ಣೆ ಕೊಡದವಳು ಕೇಳುತ್ತಿದ್ದೇನೆ. ಬಸ್ಸು ಹತ್ತುವವರೆಗೆ ಇವರಿಗೆ ಎಚ್ಚರ ಆಗದೆ ಇರಲಿ. ಆಮೇಲಿನದು ನನಗೆ ಇರಲಿ. ಬಂದು ಏನು ಹೇಳುವುದೋ, ಯಾರು ಯಾರು ಕೂತಿರುತ್ತಾರೋ...

ಅವಳಿಗೆ ಆಲೂರಿನಲ್ಲಿ ಬೀದಿ ದೀಪ ಇದೆ. ಲೈಟು ಅವಳಿಗೆ ಇನ್ನು ಬೇಡ. ವಾಪಸು ಬರುವಾಗ ನನಗೆ ಬೇಕು.